ಸಿಮೋನ್ ಸಿನ್ಯೊರೆಯ ಮುಖ: 1951ರಿಂದ 1977ರವರೆಗೆ

ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದು 1951ರಲ್ಲಿ ಚಿತ್ರೀಕರಣವಾದ ‘ಕಾಸ್ಕ್ ದೋರ್’ ಸಿನಿಮಾದ್ದು. ಹೊಂಬಣ್ಣದ ಕೂದಲನ್ನು ನೆತ್ತಿಯ ಮೇಲೆ ತುರುಬು ಕಟ್ಟಿ, ಎದುರಿಗಿರುವವನನ್ನು ಅಳೆದು ತೂಗುವಂತೆ ನೋಡುತ್ತಿರುವ ಹೆಣ್ಣು. ಎರಡನೆಯದು 1977ರ ‘ಲಾ ವಿ ದೆವಾಂ ಸ್ವಾ’ ಸಿನಿಮಾದ್ದು. ಊದಿಕೊಂಡ ಕಣ್ಣು, ಜೋತುಬಿದ್ದ ಗಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮುದುಕಿ. ನಡುವೆ ಇರುವುದು 26 ವರ್ಷ ಮಾತ್ರ. ಫ್ರೆಂಚ್ ನಟಿ ಒಬ್ಬಳೇ: ಸಿಮೋನ್ ಸಿನ್ಯೊರೆ. ಮೊದಲ ಫೋಟೊದಲ್ಲಿ ಅವಳಿಗೆ 30, ಎರಡನೆಯದರಲ್ಲಿ 56.

ಈ ಬದಲಾವಣೆಗೆ ಸಾಮಾನ್ಯವಾಗಿ ಸಿಗುವ ವಿವರಣೆ ಸಿಗರೇಟು, ಮದ್ಯ, ಮರ್ಲಿನ್ ಮನ್ರೊ ಜೊತೆ ಗಂಡನ ಪ್ರಣಯ. ಇವು ಮೂರೂ ಇದ್ದದ್ದು ನಿಜ. ಆದರೆ ಇದು ಗಾಸಿಪ್ ಅಂಕಣಕ್ಕೆ ಸಾಕಾಗುವ ಉತ್ತರ. ಅದೇ ಮುದುಕಿಯ ಮುಖಕ್ಕೆ ಫ್ರಾನ್ಸಿನ ಅತ್ಯುನ್ನತ ಚಿತ್ರಪ್ರಶಸ್ತಿ ಯಾಕೆ ಬಂತು ಎಂಬುದಕ್ಕೆ ಇದು ಉತ್ತರವಲ್ಲ. ಸಿನ್ಯೊರೆ ಮೊದಲಿನಿಂದಲೂ ಆಯ್ದುಕೊಂಡದ್ದು ಒಂದೇ ಜಾತಿಯ ಪಾತ್ರ: ಕಥೆ ಶುರುವಾಗುವ ಮೊದಲೇ ಬಹಳಷ್ಟು ಬದುಕಿಬಿಟ್ಟ, ತಿಳಿದದ್ದರಲ್ಲಿ ಕಾಲುಭಾಗ ಮಾತ್ರ ಬಾಯಿಬಿಡುವ ಹೆಂಗಸು. ಇಂಥ ಪಾತ್ರಕ್ಕೆ ವಯಸ್ಸು ಶತ್ರುವಲ್ಲ. ಮುಗ್ಧೆಯ ಪಾತ್ರದಿಂದ ಹೆಸರು ಮಾಡಿದವಳಿಗೆ 35 ದಾಟಿದರೆ ಬಂಡವಾಳವೇ ಕರಗುತ್ತದೆ. ಇವಳದ್ದು ಬೆಳೆಯುತ್ತಾ ಹೋಯಿತು.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಇಂಗ್ಲಿಷ್ ಕಾಗುಣಿತ ನೋಡಿ ‘ಸಿಗ್ನೊರೆಟ್’ ಎಂದು ಓದುವವರು ಹಲವರು. ಫ್ರೆಂಚ್‌ನಲ್ಲಿ ‘ಗ’ಕಾರವೂ ಇಲ್ಲ, ಕೊನೆಯ ‘ಟ’ಕಾರವೂ ಇಲ್ಲ, ‘ಸಿನ್ಯೊರೆ’. ಅದು ತಾಯಿಯ ಮನೆತನದ ಹೆಸರು. ಹುಟ್ಟುಹೆಸರು ಸಿಮೋನ್ ಕಾಮಿಂಕೆರ್, ಹುಟ್ಟಿದ್ದು 1921ರ ಮಾರ್ಚ್ 25ರಂದು ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ಮೊದಲ ಮಹಾಯುದ್ಧದ ನಂತರ ರೈನ್ ಪ್ರದೇಶದಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೇನೆಯಲ್ಲಿ ತಂದೆ ಆಂದ್ರೆ ಕಾಮಿಂಕೆರ್ ಅಧಿಕಾರಿಯಾಗಿದ್ದ. ಪೋಲಿಷ್ ಮೂಲದ ಯಹೂದಿ ಮನೆತನದ ಅವನು ಮುಂದೆ ದೊಡ್ಡ ದುಭಾಷಿಯೆಂದು ಹೆಸರಾದ. ಮಗಳು ಬೆಳೆದದ್ದು ಪ್ಯಾರಿಸ್ ಪಕ್ಕದ ನುಯ್ಯಿ-ಸುರ್-ಸೆನ್ ಎಂಬ ಸ್ಥಿತಿವಂತರ ಬಡಾವಣೆಯಲ್ಲಿ. ಮನೆಯಲ್ಲಿ ಭಾಷೆಯೇ ಕಸುಬಾಗಿದ್ದರಿಂದ ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, 1959ರಲ್ಲಿ ಬೇಕಾಗುತ್ತದೆ.

ಕಾರ್ಡ್ ಇಲ್ಲದ ಜೂನಿಯರ್ ಆರ್ಟಿಸ್ಟ್

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕಿತು. ತಂದೆ ಲಂಡನ್‌ಗೆ ದಾಟಿ ಜನರಲ್ ದ ಗಾಲ್‌ನ ಪಾಳಯ ಸೇರಿದ. ತಾಯಿ ಮತ್ತು ಇಬ್ಬರು ತಮ್ಮಂದಿರ ಹೊಟ್ಟೆಪಾಡು 19ರ ಹುಡುಗಿಯ ಹೆಗಲಿಗೆ ಬಿತ್ತು. ಸಿಕ್ಕ ಕೆಲಸ, ಜರ್ಮನ್ನರ ಪರ ಬರೆಯುತ್ತಿದ್ದ ‘ಲೆ ನುವೊ ತಾಂ’ ಪತ್ರಿಕೆಯ ಕಚೇರಿಯಲ್ಲಿ ಸೆಕ್ರೆಟರಿ ಹುದ್ದೆ. ಸಂಪಾದಕ ಜಾಂ ಲ್ಯುಶೇರ್‌ನ ಮಗಳು ಅವಳಿಗೆ ಶಾಲೆಯಿಂದ ಪರಿಚಯ. ತಂದೆ ಲಂಡನ್‌ನಲ್ಲಿ ಪ್ರತಿರೋಧದ ಜೊತೆ, ಮಗಳು ಪ್ಯಾರಿಸಿನಲ್ಲಿ ಶತ್ರುಪರ ಪತ್ರಿಕೆಯ ಸಂಬಳದಲ್ಲಿ. ಈ ಮುಜುಗರವನ್ನು ಆಮೇಲೆ ಅವಳೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಳು. ಕೆಲವೇ ತಿಂಗಳಲ್ಲಿ ಆ ಕೆಲಸ ಬಿಟ್ಟು ಸಿನಿಮಾ ಕಡೆ ಹೊರಳಿದಳು. ಕಾರಣ, ಸೆನ್ ನದಿಯ ಎಡದಂಡೆಯ ‘ಕಾಫೆ ದ ಫ್ಲೋರ್’. ಅಲ್ಲಿ ಕೂತು ಹರಟುತ್ತಿದ್ದ ಕವಿ, ಚಿತ್ರಕಾರ, ನಟರ ಗುಂಪು ಅವಳ ಎರಡನೇ ಮನೆಯಾಯಿತು.

ಆದರೆ ಆಗ ಕ್ಯಾಮೆರಾ ಮುಂದೆ ನಿಲ್ಲುವುದಕ್ಕೂ ಪರವಾನಗಿ ಬೇಕಿತ್ತು. ಜರ್ಮನ್ನರೊಡನೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ 1940ರ ಕೊನೆಯಲ್ಲಿ ಚಿತ್ರೋದ್ಯಮಕ್ಕೊಂದು ಸಂಘಟನಾ ಸಮಿತಿ ಕಟ್ಟಿತು. ನಿರ್ಮಾಪಕನಿಂದ ಹಿಡಿದು ನಟನವರೆಗೆ ಎಲ್ಲರೂ ಅದರಿಂದ ವೃತ್ತಿ ಕಾರ್ಡ್ ಪಡೆಯಬೇಕಿತ್ತು. ಕಾರ್ಡ್ ಕೊಡುವ ಮೊದಲು ವಂಶಾವಳಿ ಕೇಳುತ್ತಿದ್ದರು. ಯಹೂದಿಗಳಿಗೆ ಉದ್ಯಮದ ಬಾಗಿಲು ಮುಚ್ಚಿತ್ತು. ಕಾಮಿಂಕೆರ್ ಎಂಬ ಹೆಸರಿಟ್ಟುಕೊಂಡು ಅರ್ಜಿ ಹಾಕಿದರೆ ಏನಾಗುತ್ತದೆಂದು ಊಹಿಸಲು ಕಷ್ಟವಿಲ್ಲ. ಹಾಗಾಗಿ ತಾಯಿಯ ಹೆಸರು. ಮತ್ತು ಕಾರ್ಡ್ ತಪಾಸಣೆ ಅಷ್ಟು ಬಿಗಿಯಿಲ್ಲದ ಚಿಲ್ಲರೆ ಪಾತ್ರಗಳು: ಗುಂಪಿನಲ್ಲಿ ಒಬ್ಬಳು, ಬಾಗಿಲ ಬಳಿ ನಿಂತವಳು. ಮಾರ್ಸೆಲ್ ಕಾರ್ನೆಯ 1942ರ ‘ಲೆ ವಿಸಿತೆರ್ ದು ಸ್ವಾರ್’ ಚಿತ್ರದ ಕೋಟೆಯ ದೃಶ್ಯಗಳಲ್ಲಿ ಕಣ್ಣು ತೀಕ್ಷ್ಣವಿದ್ದವರಿಗೆ ಅವಳು ಕಾಣುತ್ತಾಳೆ. ಹೀಗೆ ಪರದೆಯ ಅಂಚಿನಲ್ಲೇ ಹತ್ತಿರ ಹತ್ತಿರ ನಾಲ್ಕು ವರ್ಷ. ಮಾತಿಲ್ಲದೆ, ಹೆಸರಿಲ್ಲದೆ, ಆದರೆ ಚೌಕಟ್ಟಿನೊಳಗೆ ಸುಮ್ಮನೆ ನಿಲ್ಲುವುದು ಹೇಗೆಂದು ಕಲಿಯುತ್ತಾ. ನಟನಾ ಶಾಲೆಯ ಸರ್ಟಿಫಿಕೇಟಿಗಿಂತ ಇದು ಹೆಚ್ಚು ಕೆಲಸಕ್ಕೆ ಬಂದಂತೆ ತೋರುತ್ತದೆ.

ಯುದ್ಧ ಮುಗಿದ ಮೇಲೆ ದಾರಿ ತೆರೆದವನು ನಿರ್ದೇಶಕ ಈವ್ ಅಲೆಗ್ರೆ. (ಅವಳ ಬದುಕಿನಲ್ಲಿ ಇಬ್ಬರು ಈವ್‌ಗಳಿದ್ದಾರೆ, ಕಲಸಿಕೊಳ್ಳಬೇಡಿ. ಇವನು ಮೊದಲನೆಯವನು.) 1946ರಲ್ಲಿ ಮಗಳು ಕಾತ್ರೀನ್ ಹುಟ್ಟಿದಳು, 1948ರಲ್ಲಿ ಮದುವೆ, ಮರುವರ್ಷವೇ ವಿಚ್ಛೇದನ. ಸಿನಿಮಾ ಲೆಕ್ಕದಲ್ಲಿ ಈ ಜೋಡಿಯ ಎರಡು ಚಿತ್ರ ಮುಖ್ಯ. 1948ರ ‘ದೆದೆ ದಾಂವೆರ್’ನಲ್ಲಿ ಅವಳು ಬಂದರು ಊರಿನ ವೇಶ್ಯೆ. 1950ರ ‘ಮಾನೆಜ್’ನಲ್ಲಿ ಕುದುರೆ ಸವಾರಿ ಶಾಲೆಯ ಮಾಲೀಕನನ್ನು ಮದುವೆಯಾಗಿ ಅವನನ್ನು ಹಿಂಡಿ ಹಿಪ್ಪೆ ಮಾಡುವ ಹೆಂಡತಿ. ಅದೇ 1950ರಲ್ಲಿ ಮಾಕ್ಸ್ ಓಫುಲ್ಸ್‌ನ ‘ಲಾ ರೋಂದ್’ನ ಪ್ರೇಮಚಕ್ರ ಶುರುವಾಗುವುದೂ ಮುಗಿಯುವುದೂ ಅವಳು ಮಾಡಿದ ಬೀದಿಹೆಣ್ಣಿನಿಂದಲೇ. ಒಂದೇ ಅಚ್ಚಿನ ಪಾತ್ರಗಳೆಂದು ಮೂಗು ಮುರಿಯುವವರಿದ್ದರು. ಹತ್ತಿರದಿಂದ ನೋಡಿದರೆ ಅಚ್ಚು ಬೇರೆ ಬೇರೆಯೇ: ದೆದೆಗೆ ಇನ್ನೂ ಆಸೆ ಉಳಿದಿದೆ, ‘ಮಾನೆಜ್’ನ ಹೆಂಡತಿಗೆ ಲೆಕ್ಕಾಚಾರ ಮಾತ್ರ, ‘ಲಾ ರೋಂದ್’ನವಳಿಗೆ ದಣಿವು.

ಕಿಟಕಿಯ ಬಳಿಯ ಮೂರು ನಿಮಿಷ

ಜಾಕ್ ಬೆಕೆರ್‌ನ ‘ಕಾಸ್ಕ್ ದೋರ್’ ಎಂದರೆ ಚಿನ್ನದ ಶಿರಸ್ತ್ರಾಣ. ನಾಯಕಿ ಮಾರಿಯ ತುರುಬಿಗೆ ಬಿದ್ದ ಅಡ್ಡಹೆಸರು. ಇದಕ್ಕೆ ನಿಜಘಟನೆಯ ಎಳೆಯಿದೆ. 1902ರ ಸುಮಾರಿಗೆ ಪ್ಯಾರಿಸಿನ ಬೆಲ್ವಿಲ್ ಕಡೆಯ ಪುಂಡರ ಎರಡು ಗುಂಪುಗಳು ಅಮೆಲಿ ಎಲೀ ಎಂಬ ಹೆಣ್ಣಿಗಾಗಿ ಬೀದಿಯಲ್ಲಿ ಚಾಕು ಹಿಡಿದು ಬಡಿದಾಡಿಕೊಂಡವು, ಪತ್ರಿಕೆಗಳಿಗೆ ಹಬ್ಬವಾಯಿತು. ಒಂದು ಗುಂಪಿನ ನಾಯಕ, ಅವಳ ಪ್ರೇಮಿ, ನಿಜವಾದ ಮಾಂದಾನನ್ನು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೈದಿಗಳ ಶಿಬಿರಕ್ಕೆ ಸಾಗಿಸಿದರು. ಬೆಕೆರ್ ಅದನ್ನು ಬದಲಾಯಿಸಿ ಸಿನಿಮಾದ ಮಾಂದಾನನ್ನು ತಲೆ ಕಡಿಯುವ ಗಿಲೊಟಿನ್ ಯಂತ್ರಕ್ಕೆ ಒಯ್ದ. ಆ ಒಂದು ಬದಲಾವಣೆಯಿಂದ ಕೊನೆಯ ದೃಶ್ಯ ಹುಟ್ಟಿತು.

ಮೊದಲ ದೃಶ್ಯದಿಂದ ಶುರುಮಾಡಿ ಗಮನಿಸಿ. ನದಿ ದಂಡೆಯ ಕುಣಿತದ ಕಟ್ಟೆಗೆ ಪುಂಡರ ಗುಂಪು ದೋಣಿಯಲ್ಲಿ ಬಂದಿಳಿಯುತ್ತದೆ. ಮಾಂದಾ (ಸೆರ್ಜ್ ರೆಜಿಯಾನಿ) ಅಲ್ಲಿ ಬಡಗಿ ಕೆಲಸಕ್ಕೆ ಬಂದವನು. ಮಾರಿ ತನ್ನ ಜೊತೆಗಾರನ ತೋಳಿನಲ್ಲಿ ಗಿರಗಿರ ಸುತ್ತುತ್ತಾ ಪ್ರತಿ ಸುತ್ತಿನಲ್ಲೂ ಆ ಬಡಗಿಯನ್ನೇ ನೋಡುತ್ತಾಳೆ. ಮೈ ತಿರುಗುತ್ತದೆ, ನೋಟ ಮಾತ್ರ ಗೂಟಕ್ಕೆ ಕಟ್ಟಿದ ಹಾಗೆ ಅಲ್ಲೇ. ಡೈಲಾಗ್ ಇಲ್ಲ. ಪ್ರೀತಿ ಶುರುವಾಯಿತು ಎನ್ನಲು ಬೇರೆ ಸಿನಿಮಾಗಳಿಗೆ ಒಂದು ಹಾಡೇ ಬೇಕಾಗುತ್ತದೆ. ಇಲ್ಲಿ ಕತ್ತು ತಿರುಗಿಸುವ ಲೆಕ್ಕವಷ್ಟೇ.

ಕೊನೆಯಲ್ಲಿ ಅವಳು ವಧಾಸ್ಥಾನಕ್ಕೆ ಎದುರಾಗಿರುವ ಮನೆಯೊಂದರಲ್ಲಿ ರಾತ್ರಿಗೆ ರೂಮು ಹಿಡಿಯುತ್ತಾಳೆ. ಬೆಳಗಿನ ಜಾವ ಕಿಟಕಿಯ ಬಳಿ ನಿಲ್ಲುತ್ತಾಳೆ. ಸಾಮಾನ್ಯ ನಟಿ ಇಲ್ಲಿ ಮಾಡುವ ತಪ್ಪು ಒಂದೇ: ಅಳುವುದು. ಸಿನ್ಯೊರೆ ನೋಡುತ್ತಾಳೆ, ಅಷ್ಟೆ. ಮಾಂದಾನನ್ನು ಕರೆತಂದು ಹಲಗೆಯ ಮೇಲೆ ಮಲಗಿಸುವವರೆಗೂ ಮುಖ ಕದಲುವುದಿಲ್ಲ. ಅಲಗು ಬಿದ್ದ ಕ್ಷಣ ಅವಳ ತಲೆ ಮುಂದಕ್ಕೆ ಬಾಗುತ್ತದೆ. ಕಡಿತವನ್ನು ನಾವು ಓದುವುದು ಅವಳ ಕತ್ತಿನಲ್ಲಿ. ಅದರ ಬೆನ್ನಿಗೇ ಖಾಲಿ ಕಟ್ಟೆಯ ಮೇಲೆ ಆ ಇಬ್ಬರು ವಾಲ್ಟ್ಸ್ ಕುಣಿಯುವ ಚಿತ್ರ ಬರುತ್ತದೆ. ಮೊದಲು ಕಣ್ಣೀರು ಸುರಿಸಿಬಿಟ್ಟಿದ್ದರೆ ಈ ಕುಣಿತಕ್ಕೆ ಜಾಗವೇ ಇರುತ್ತಿರಲಿಲ್ಲ.

1952ರಲ್ಲಿ ಬಿಡುಗಡೆಯಾದಾಗ ಫ್ರಾನ್ಸಿನಲ್ಲಿ ಇದು ತೋಪಾಯಿತು. ವಿಮರ್ಶಕರಿಗೆ ಕಥೆ ತೆಳು ಅನ್ನಿಸಿತು, ಜನರಿಗೆ ನಿಧಾನ. ಕೈಹಿಡಿದದ್ದು ಲಂಡನ್: ಬ್ರಿಟಿಷ್ ಅಕಾಡೆಮಿ ಅವಳಿಗೆ ಅತ್ಯುತ್ತಮ ವಿದೇಶಿ ನಟಿ ಪ್ರಶಸ್ತಿ ಕೊಟ್ಟಿತು. ಮುಂದೆ ಅದೇ ಪ್ರಶಸ್ತಿ ಇನ್ನೆರಡು ಸಲ ಬಂತು. ಅವಳ ವೃತ್ತಿಯಲ್ಲಿ ಇಂಗ್ಲೆಂಡಿನ ಪಾತ್ರ ದೊಡ್ಡದೆನ್ನುವುದಕ್ಕೆ ಇದು ಮೊದಲ ಗುರುತು. ಅಂದಹಾಗೆ, ಅಮೆರಿಕದ ಹಾಡುಗಾರ್ತಿ ನೀನಾ ಸಿಮೋನ್ ತನ್ನ ವೇದಿಕೆಯ ಹೆಸರಿನ ಅರ್ಧವನ್ನು ತೆಗೆದುಕೊಂಡದ್ದು ಈ ಸಿಮೋನ್‌ಳಿಂದಲೇ.

ಓದದೆ ಸಹಿ ಹಾಕಿದ ಕರಾರು

ಎರಡನೇ ಈವ್, ಹಾಡುಗಾರ ಈವ್ ಮೊಂತಾಂ. 1949ರ ಆಗಸ್ಟ್‌ನಲ್ಲಿ ದಕ್ಷಿಣದ ಸೇಂ-ಪೋಲ್-ದ-ವಾಂಸ್ ಊರಿನ ‘ಕೊಲೊಂಬ್ ದೋರ್’ ಹೋಟೆಲಿನಲ್ಲಿ ಭೇಟಿ, 1951ರ ಡಿಸೆಂಬರ್‌ನಲ್ಲಿ ಮದುವೆ. ಪ್ಯಾರಿಸಿನ ಪ್ಲಾಸ್ ದೊಫೀನ್‌ನಲ್ಲಿ, ಹಿಂದೆ ಪುಸ್ತಕದಂಗಡಿಯಾಗಿದ್ದ ಜಾಗದಲ್ಲಿ ವಾಸ. ಮನೆಗೆ ಅವರಿಟ್ಟ ಹೆಸರು ‘ರುಲೊತ್’, ಅಂದರೆ ಅಲೆಮಾರಿಗಳ ಗಾಡಿ. ಈ ವರ್ಷಗಳಲ್ಲಿ ಅವಳ ಚಿತ್ರಗಳು ಎಣಿಕೆಗೆ ಕಡಿಮೆ. ಅವಕಾಶ ಇರಲಿಲ್ಲವೆಂದಲ್ಲ, ಗಂಡನ ಪ್ರವಾಸಗಳ ಜೊತೆ ತಿರುಗಲು ಅವಳೇ ಕೈಬಿಟ್ಟಳು. ವೃತ್ತಿಯ ದೃಷ್ಟಿಯಿಂದ ಇದು ನಷ್ಟ. ಆದರೆ ಸಿಕ್ಕಿದ್ದಕ್ಕೆಲ್ಲ ಕಾಲ್‌ಶೀಟ್ ಕೊಡದೆ ಇದ್ದದ್ದರಿಂದಲೇ ಅವಳ ಪಟ್ಟಿಯಲ್ಲಿ ಕಸ ಕಡಿಮೆ ಎಂಬುದೂ ನಿಜ.

ಕರಾರಿನ ವಿಷಯದಲ್ಲಿ ಮಾತ್ರ ಅವಳು ಜಾಣೆಯಲ್ಲ. ಆಂರಿ-ಜಾರ್ಜ್ ಕ್ಲೂಜೊನ ‘ಲೆ ದ್ಯಾಬೊಲಿಕ್’ (1955) ಚಿತ್ರಕ್ಕೆ ಅವಳು ಒಪ್ಪಿಕೊಂಡದ್ದು 8 ವಾರಕ್ಕೆ. ಚಿತ್ರೀಕರಣ ಎಳೆದದ್ದು 16 ವಾರ. ಹೆಚ್ಚುವರಿ ವಾರಗಳಿಗೆ ದುಡ್ಡು ಕೇಳಲು ಕರಾರಿನಲ್ಲಿ ದಾರಿಯಿರಲಿಲ್ಲ. ಸಣ್ಣ ಅಕ್ಷರದ ಷರತ್ತನ್ನು ಅವಳು ಓದಿರಲಿಲ್ಲ. ಕೈಗೆ ಬಂದದ್ದು 8 ವಾರದ ಸಂಬಳ. ಸಾಲದ್ದಕ್ಕೆ ಅದೇ ದಿನಗಳಲ್ಲಿ ಸಂಜೆ ನಾಟಕದ ತಾಲೀಮು. ಕ್ಲೂಜೊ ನಟರನ್ನು ಗೋಳುಹೊಯ್ದುಕೊಳ್ಳುವುದಕ್ಕೆ ಹೆಸರಾದವನು. ನಾಯಕಿಯರಲ್ಲಿ ಇನ್ನೊಬ್ಬಳು ಅವನ ಹೆಂಡತಿ ವೇರಾ. ಸೆಟ್ಟಿನ ವಾತಾವರಣ ಹೇಗಿದ್ದಿರಬೇಕು!

ಕಥೆ ಒಂದು ವಸತಿ ಶಾಲೆಯದ್ದು. ಮುಖ್ಯೋಪಾಧ್ಯಾಯನ ಹೆಂಡತಿ ಮತ್ತು ಅವನ ಪ್ರೇಯಸಿ ನಿಕೋಲ್ ಸೇರಿ ಅವನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾರೆ, ಆಮೇಲೆ ಹೆಣ ಕಾಣೆಯಾಗುತ್ತದೆ. ನಿಕೋಲ್ ಆಗಿ ಸಿನ್ಯೊರೆ: ಗಿಡ್ಡ ಕತ್ತರಿಸಿದ ಕೂದಲು, ಕಪ್ಪು ಕನ್ನಡಕ, ಕನ್ನಡಕದ ಹಿಂದೆ ಏಟು ತಿಂದ ಕಣ್ಣು. ಕೊಲೆಯ ದೃಶ್ಯದಲ್ಲಿ ಅವಳ ಚಲನೆ ಬಟ್ಟೆ ನೆನೆಹಾಕುವವಳಂತೆ: ಆತುರವಿಲ್ಲ, ಅಸಹ್ಯವಿಲ್ಲ, ಕೆಲಸ ಮುಗಿಯಬೇಕು ಅಷ್ಟೆ. ಅಂತ್ಯವನ್ನು ಇಲ್ಲಿ ಹೇಳುವುದಿಲ್ಲ. ಗೆಳೆಯರಿಗೂ ಹೇಳಬೇಡಿ ಎಂದು ಚಿತ್ರವೇ ಕೊನೆಯಲ್ಲಿ ಅಕ್ಷರದಲ್ಲಿ ಕೇಳಿಕೊಳ್ಳುತ್ತದೆ. ಆದರೆ ಎರಡನೇ ಸಲ ನೋಡುವಾಗ ನಿಕೋಲ್‌ಳನ್ನು ಮಾತ್ರ ಹಿಂಬಾಲಿಸಿ. ಮೊದಲ ಸಲ ಒಂದು ಅರ್ಥ ಕೊಟ್ಟ ಪ್ರತಿ ನೋಟವೂ ಎರಡನೇ ಸಲ ಇನ್ನೊಂದು ಅರ್ಥಕ್ಕೆ ಸರಿಹೊಂದುತ್ತದೆ. ನೋಡುಗರಿಗೆ ಎಲ್ಲೂ ಸುಳ್ಳು ಹೇಳಿಲ್ಲ.

ಆ ಸಂಜೆಯ ನಾಟಕ, ಆರ್ಥರ್ ಮಿಲ್ಲರ್‌ನ ‘ದ ಕ್ರೂಸಿಬಲ್’ನ ಫ್ರೆಂಚ್ ರೂಪ. ಮೊಂತಾಂ ಜೊತೆಗಾರ. 1954ರ ಡಿಸೆಂಬರ್‌ನಲ್ಲಿ ಸಾರಾ ಬರ್ನಾರ್ ರಂಗಮಂದಿರದಲ್ಲಿ ಶುರುವಾಗಿ ಭರ್ಜರಿಯಾಗಿ ಓಡಿತು. 1957ರ ಸಿನಿಮಾ ರೂಪಕ್ಕೆ ಚಿತ್ರಕಥೆ ಬರೆದವನು ಜಾಂ-ಪೋಲ್ ಸಾರ್ತ್ರ್. ಪೂರ್ವ ಜರ್ಮನಿಯ ಸರ್ಕಾರಿ ಸ್ಟುಡಿಯೊ ಪಾಲುದಾರ. ಅಮೆರಿಕದ ಕಮ್ಯುನಿಸ್ಟ್ ಬೇಟೆಯನ್ನು ಮಾಟಗಾತಿ ಬೇಟೆಯ ಮೂಲಕ ಹೇಳುವ ಕಥೆ, ಕಮ್ಯುನಿಸ್ಟ್ ದೇಶದ ದುಡ್ಡು. ಇಂಥ ಒಡನಾಟಕ್ಕೆ ಅವಳು ಬೆಲೆ ತೆರಲೇಬೇಕಿತ್ತು.

ವೀಸಾ, ಆಸ್ಕರ್

ಸಿನ್ಯೊರೆಯಾಗಲಿ ಮೊಂತಾಂ ಆಗಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿರಲಿಲ್ಲ. ಆದರೆ ಅಣುಬಾಂಬು ನಿಷೇಧಿಸಿ ಎಂದ 1950ರ ಸ್ಟಾಕ್‌ಹೋಮ್ ಮನವಿಗೆ ಸಹಿ ಹಾಕಿದ್ದರು. ಅಮೆರಿಕದ ಆಗಿನ ವಲಸೆ ಕಾನೂನಿಗೆ ಅಷ್ಟು ಸಾಕಿತ್ತು: ಕಮ್ಯುನಿಸ್ಟರ ಒಡನಾಟದ ಶಂಕೆಯಿದ್ದವರಿಗೆ ವೀಸಾ ಇಲ್ಲ. ವರ್ಷಗಟ್ಟಲೆ ಹಾಲಿವುಡ್ ಬಾಗಿಲು ಹೀಗೆ ಮುಚ್ಚಿತ್ತು. 1956ರ ಕೊನೆಯಲ್ಲಿ, ಸೋವಿಯತ್ ಟ್ಯಾಂಕುಗಳು ಹಂಗೆರಿಯ ರಾಜಧಾನಿ ಬುಡಾಪೆಸ್ಟ್ ತುಳಿದ ಬೆನ್ನಿಗೇ, ಮೊಂತಾಂನ ಪೂರ್ವನಿಗದಿತ ಸೋವಿಯತ್ ಪ್ರವಾಸಕ್ಕೆ ಇಬ್ಬರೂ ಹೋದರು. ಬಲಪಂಥೀಯರು ಉಗಿದರು. ಮಾಸ್ಕೋದಲ್ಲಿ ಊಟದ ಮೇಜಿಗೆ ಕೂತು ಸೋವಿಯತ್ ನಾಯಕ ಕ್ರುಶ್ಚೇವ್ ಎದುರಿಗೇ ಹಂಗೆರಿಯ ಪ್ರಶ್ನೆ ಎತ್ತಿದರು. ಎಡಪಂಥೀಯರಿಗೆ ಅದು ಹಿಡಿಸಲಿಲ್ಲ. ಎರಡೂ ಕಡೆ ಬೈಗುಳ ತಿಂದ ಜೋಡಿ.

ಇಲ್ಲಿಗೆ ಬರುತ್ತದೆ ‘ರೂಮ್ ಅಟ್ ದ ಟಾಪ್’. ಬ್ರಿಟನ್ನಿನ ಗಿರಣಿ ಊರಿನಲ್ಲಿ ಮೇಲೇರಲು ಹವಣಿಸುವ ಜೋ ಲ್ಯಾಂಪ್ಟನ್ ಎಂಬ ಗುಮಾಸ್ತ, ಹಣವಂತನ ಮಗಳು ಸೂಸನ್ ಮತ್ತು ತನಗಿಂತ ಹಿರಿಯಳಾದ ವಿವಾಹಿತೆ ಆಲಿಸ್, ಈ ಇಬ್ಬರ ನಡುವೆ ಸಿಕ್ಕಿಬೀಳುತ್ತಾನೆ. ಮೂಲ ಕಾದಂಬರಿಯ ಆಲಿಸ್ ಇಂಗ್ಲಿಷ್ ಹೆಂಗಸು. ನಿರ್ದೇಶಕ ಜಾಕ್ ಕ್ಲೇಟನ್ ಸಿನ್ಯೊರೆಗಾಗಿ ಅವಳನ್ನು ಇಂಗ್ಲಿಷ್ ಊರಿನಲ್ಲಿ ಮದುವೆಯಾಗಿ ಸಿಕ್ಕಿಬಿದ್ದ ಫ್ರೆಂಚ್ ಹೆಂಗಸಾಗಿಸಿದ. ಇದು ಬರೀ ಹೊಂದಾಣಿಕೆಯಲ್ಲ. ಊರಿನವರಿಗೆ ಹೊರಗಿನವಳು ಎಂಬುದು ಅವಳ ಉಚ್ಚಾರದಲ್ಲೇ ಕೇಳಿಸುತ್ತದೆ. ಅವಳ ಒಂಟಿತನಕ್ಕೆ ಪ್ರತ್ಯೇಕ ದೃಶ್ಯ ಬರೆಯಬೇಕಾಗಲಿಲ್ಲ. ಡಬ್ಬಿಂಗ್ ಬೇಡವಾಯಿತು, ಧ್ವನಿ ಅವಳದ್ದೇ.

ಆಲಿಸ್ ಸಾಯುವುದು ಕಾರು ಅಪಘಾತದಲ್ಲಿ. ಅಪಘಾತವನ್ನು ಕ್ಲೇಟನ್ ತೋರಿಸುವುದಿಲ್ಲ. ಮದುವೆ ನಿಶ್ಚಯದ ಸಂಭ್ರಮದಲ್ಲಿರುವ ಜೋ ಅದನ್ನು ಕಚೇರಿಯ ಹರಟೆಯಲ್ಲಿ ಕೇಳಿಸಿಕೊಳ್ಳುತ್ತಾನೆ. ಪರದೆಯ ಮೇಲೆ ಇಲ್ಲದಿದ್ದರೂ ಕೊನೆಯ ಭಾಗ ಪೂರ್ತಿ ಅವಳದ್ದೇ ಆಗುತ್ತದೆ. ಯಾಕೆಂದರೆ ಅದಕ್ಕೆ ಮೊದಲು ಆ ಮುಖದಲ್ಲಿ ಸಂತೋಷ ಎಂಥದ್ದಿತ್ತೆಂದು ನಾವು ನೋಡಿರುತ್ತೇವೆ. 37ರ ಹೆಣ್ಣು, ಮೇಕಪ್ಪಿನಲ್ಲಿ ಮುಚ್ಚದ ಕಣ್ಣಡಿಯ ಗೆರೆಗಳು, ಪ್ರೀತಿಯ ಮರುಗಳಿಗೆಯ ನಿರಾಳ: 1950ರ ದಶಕದ ಇಂಗ್ಲಿಷ್ ಸಿನಿಮಾ ಇದನ್ನು ತೋರಿಸುತ್ತಿರಲಿಲ್ಲ. ಸೆನ್ಸಾರ್ ವಯಸ್ಕರಿಗೆ ಮಾತ್ರ ಎಂಬ ಎಕ್ಸ್ ಸರ್ಟಿಫಿಕೇಟ್ ಕೊಟ್ಟಿತು. ಜನ ಅದೇ ಕಾರಣಕ್ಕೆ ಸಾಲು ನಿಂತರು.

1959ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಅದೇ ವರ್ಷ ಮೊಂತಾಂಗೆ ನ್ಯೂಯಾರ್ಕಿನಲ್ಲಿ ಹಾಡಲು ಕರೆ ಬಂದು, ತಾತ್ಕಾಲಿಕ ವಿನಾಯಿತಿಯ ಮೇಲೆ ಇಬ್ಬರಿಗೂ ವೀಸಾ ಸಿಕ್ಕಿತು. ಚಿತ್ರಕ್ಕೆ ಆಸ್ಕರ್‌ನ 6 ನಾಮನಿರ್ದೇಶನ. ಅವುಗಳಲ್ಲೊಂದು ಪೋಷಕ ನಟಿ ಹರ್ಮಿಯನ್ ಬ್ಯಾಡ್ಲಿಗೆ. ಪರದೆಯ ಮೇಲೆ ಅವಳು ಇರುವುದು ಎರಡೂವರೆ ನಿಮಿಷಕ್ಕೂ ಕಡಿಮೆ. 1960ರ ಏಪ್ರಿಲ್ 4ರ ರಾತ್ರಿ ‘ಬೆನ್-ಹರ್’ 11 ಪ್ರಶಸ್ತಿ ಬಾಚಿಕೊಂಡಿತು. ಅತ್ಯುತ್ತಮ ನಟಿಯ ಕಣದಲ್ಲಿದ್ದವರು ಡೋರಿಸ್ ಡೇ, ಆಡ್ರಿ ಹೆಪ್‌ಬರ್ನ್, ಕ್ಯಾಥರೀನ್ ಹೆಪ್‌ಬರ್ನ್, ಎಲಿಜಬೆತ್ ಟೇಲರ್. ರಾಕ್ ಹಡ್ಸನ್ ಲಕೋಟೆ ತೆರೆದು ಸಿನ್ಯೊರೆಯ ಹೆಸರು ಓದಿದ. ಕೆಲವು ವರ್ಷ ಮೊದಲು ದೇಶದೊಳಗೆ ಕಾಲಿಡಲೂ ಬಿಡದಿದ್ದವರು ಚಪ್ಪಾಳೆ ಹೊಡೆದರು.

ಈ ಪ್ರಶಸ್ತಿಯ ಬಗ್ಗೆ ಒಂದು ತಪ್ಪು ಮತ್ತೆ ಮತ್ತೆ ಅಚ್ಚಾಗುತ್ತದೆ: ಅತ್ಯುತ್ತಮ ನಟಿ ಆಸ್ಕರ್ ಗೆದ್ದ ಮೊದಲ ಫ್ರೆಂಚ್ ಸಂಜಾತೆ ಎಂದು. ಅಲ್ಲ. ಪ್ಯಾರಿಸ್ ಬಳಿ ಹುಟ್ಟಿದ ಕ್ಲೋಡೆಟ್ ಕೋಲ್ಬರ್ಟ್ 1935ರಲ್ಲೇ ಗೆದ್ದಿದ್ದಳು, ಆದರೆ ಅವಳು ಬೆಳೆದದ್ದೂ ದುಡಿದದ್ದೂ ಅಮೆರಿಕದಲ್ಲಿ. ಸಿನ್ಯೊರೆ ಹುಟ್ಟಿದ್ದೇ ಜರ್ಮನಿಯಲ್ಲಿ. ಅವಳ ಗೆಲುವಿನ ವಿಶೇಷ ಬೇರೆ: ಅಮೆರಿಕದ್ದಲ್ಲದ ಸಿನಿಮಾಕ್ಕೆ ಅತ್ಯುತ್ತಮ ನಟಿ ಆಸ್ಕರ್ ಸಿಕ್ಕ ಮೊದಲ ಉದಾಹರಣೆ ಅದು. ಫ್ರೆಂಚ್ ಭಾಷೆಯ ಪಾತ್ರಕ್ಕೆ ಈ ಆಸ್ಕರ್ ಬರಲು ಮಾರಿಯೊನ್ ಕೊತಿಯಾರ್‌ವರೆಗೆ, 2008ರವರೆಗೆ ಕಾಯಬೇಕಾಯಿತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಅವಳು ಇಟಲಿಗೆ ‘ಆದುವಾ’ ಚಿತ್ರದ ಕೆಲಸಕ್ಕೆ ಹೋದಳು. ಮೊಂತಾಂ ಮತ್ತು ಮನ್ರೊ ಒಟ್ಟಿಗೆ ನಟಿಸುತ್ತಾ ಹಾಲಿವುಡ್‌ನಲ್ಲಿ ಉಳಿದರು. ಪತ್ರಿಕೆಗಳು ತಿಂಗಳುಗಟ್ಟಲೆ ಅದನ್ನೇ ಅಗಿದವು. ಮದುವೆ ಮುರಿಯಲಿಲ್ಲ. ಅವಳು ಮನ್ರೊ ಬಗ್ಗೆ ಬರೆಯುವಾಗ ಕಹಿ ಕಾರಿಕೊಳ್ಳಲೂ ಇಲ್ಲ. ವೃತ್ತಿಗೆ ನಿಜವಾದ ಪೆಟ್ಟು ಬಿದ್ದದ್ದು ಅದೇ ವರ್ಷ ಬೇರೆ ಕಡೆಯಿಂದ. 1960ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ವಶದಲ್ಲಿದ್ದ ಅಲ್ಜೀರಿಯಾದ ಯುದ್ಧಕ್ಕೆ ಹೋಗಲು ನಿರಾಕರಿಸುವ ಹಕ್ಕನ್ನು ಎತ್ತಿಹಿಡಿದ ‘121 ಜನರ ಪ್ರಣಾಳಿಕೆ’ಗೆ ಅವಳು ಸಹಿ ಹಾಕಿದಳು. ಸಹಿ ಹಾಕಿದವರಿಗೆ ಸರ್ಕಾರಿ ರೇಡಿಯೊ, ಟಿವಿ ಬಂದ್ ಎಂದು ಸರ್ಕಾರ ಆಜ್ಞೆ ಹೊರಡಿಸಿತು. ಫ್ರಾನ್ಸಿನಲ್ಲಿ ಆಗ ಇದ್ದದ್ದು ಸರ್ಕಾರಿ ಟಿವಿ ಮಾತ್ರ. ಆಸ್ಕರ್ ಹಿಡಿದು ಬಂದವಳಿಗೆ ತನ್ನ ದೇಶದ ಟಿವಿಯಲ್ಲಿ ಮುಖ ತೋರಿಸುವಂತಿರಲಿಲ್ಲ.

1960ರ ದಶಕ ಏರುಪೇರಿನದು. ಸ್ಟ್ಯಾನ್ಲಿ ಕ್ರೇಮರ್‌ನ ‘ಶಿಪ್ ಆಫ್ ಫೂಲ್ಸ್’ (1965) ಮತ್ತೊಂದು ಆಸ್ಕರ್ ನಾಮನಿರ್ದೇಶನ ತಂದಿತು; 1966ರಲ್ಲಿ ಅಮೆರಿಕದ ಟಿವಿ ನಾಟಕವೊಂದಕ್ಕೆ ಎಮ್ಮಿ ಪ್ರಶಸ್ತಿ ಬಂತು. ಅದೇ ವರ್ಷ ಲಂಡನ್ನಿನ ರಾಯಲ್ ಕೋರ್ಟ್‌ನಲ್ಲಿ ಅಲೆಕ್ ಗಿನ್ನೆಸ್ ಎದುರು ಲೇಡಿ ಮ್ಯಾಕ್‌ಬೆತ್ ಆಗಿ ನಿಂತಳು. ವಿಮರ್ಶಕರು ತೊಳೆದು ಹಾಕಿದರು. ಆಲಿಸ್‌ಳನ್ನು ಗೆಲ್ಲಿಸಿದ ಉಚ್ಚಾರವೇ ಇಲ್ಲಿ ಮುಳುಗಿಸಿತು. ಆಲಿಸ್ ಪಾತ್ರವನ್ನು ಆ ಉಚ್ಚಾರಕ್ಕೆಂದೇ ತಿದ್ದಿದ್ದರು. ಶೇಕ್ಸ್‌ಪಿಯರ್‌ನ ಪದ್ಯದಲ್ಲಿ ಒತ್ತು ಬೀಳಬೇಕಾದ ಕಡೆ ಬೀಳದಿದ್ದರೆ ಸಾಲೇ ಕುಸಿಯುತ್ತದೆ. ಕ್ಲೋಸಪ್ಪಿನಲ್ಲಿ ಮೌನದಿಂದ ಗೆಲ್ಲುವವಳಿಗೆ ಅಲ್ಲಿ ಮೌನಕ್ಕೆ ಎಡೆಯೇ ಇರಲಿಲ್ಲ.

ಮತಿಲ್ಡ್‌ಳ ಪರ್ಸಿನಲ್ಲಿದ್ದ ಫೋಟೊ

ಎರಡನೇ ಇನಿಂಗ್ಸ್ ಅನ್ನಬಹುದಾದದ್ದು ಶುರುವಾಗುವುದು ಜಾಂ-ಪಿಯೆರ್ ಮೆಲ್ವಿಲ್‌ನ ‘ಲಾರ್ಮೆ ದೆಜೊಂಬ್ರ್’ (1969), ಅಂದರೆ ‘ನೆರಳುಗಳ ಸೇನೆ’ಯಿಂದ. ಜರ್ಮನ್ ಆಕ್ರಮಣ ಕಾಲದ ಗುಪ್ತ ಪ್ರತಿರೋಧದ ಕಥೆ. ಸಿನ್ಯೊರೆಯ ಮತಿಲ್ಡ್, ಮನೆಯವರಿಗೂ ತಿಳಿಯದಂತೆ ಇಡೀ ಜಾಲವನ್ನು ನಡೆಸುವ ಗೃಹಿಣಿ. ಕಾರ್ಡ್ ಇಲ್ಲದೆ ಅಂಚಿನಲ್ಲಿ ನಿಂತಿದ್ದ ಹುಡುಗಿ ಅದೇ ಕಾಲವನ್ನು ಈಗ ಕೇಂದ್ರದಲ್ಲಿ ನಿಂತು ಆಡುತ್ತಿದ್ದಾಳೆ.

ಅದರಲ್ಲೊಂದು ದೃಶ್ಯ. ಲಿಯೋಂ ನಗರದ ಗೆಸ್ಟಾಪೊ (ಜರ್ಮನ್ ಗುಪ್ತ ಪೊಲೀಸ್) ಕಟ್ಟಡದಲ್ಲಿ ಚಿತ್ರಹಿಂಸೆಗೆ ಒಳಗಾದ ಗೆಳೆಯ ಫೆಲಿಕ್ಸ್‌ನನ್ನು ಬಿಡಿಸಲು ಮತಿಲ್ಡ್ ಜರ್ಮನ್ ನರ್ಸ್ ವೇಷದಲ್ಲಿ, ಇಬ್ಬರು ಸಂಗಾತಿಗಳಿಗೆ ಸೈನಿಕರ ಸಮವಸ್ತ್ರ ತೊಡಿಸಿ, ಆಂಬುಲೆನ್ಸ್ ತರುತ್ತಾಳೆ. ಕಾಗದಪತ್ರ ಸರಿಯಿದೆ, ಕಾವಲುಗಾರರು ಒಳಗೆ ಬಿಡುತ್ತಾರೆ. ಆದರೆ ವೈದ್ಯ ಫೆಲಿಕ್ಸ್‌ನನ್ನು ಪರೀಕ್ಷಿಸಿ, ಸಾಯುತ್ತಿದ್ದಾನೆ, ಸಾಗಿಸುವಂತಿಲ್ಲ ಅನ್ನುತ್ತಾನೆ. ಯೋಜನೆ ಅಲ್ಲಿಗೆ ನಿಂತಿತು. ನಿಜವಾದ ನರ್ಸ್‌ಗೆ ಇದು ಮಾಮೂಲಿ ಸುದ್ದಿ; ಮತಿಲ್ಡ್‌ಗೆ ಗೆಳೆಯನ ಸಾವು. ಮುಖದಲ್ಲಿ ಎರಡನೆಯದು ಒಂದಿಷ್ಟು ಇಣುಕಿದರೂ ಮೂವರೂ ಸಾಯುತ್ತಾರೆ. ಸಿನ್ಯೊರೆ ತುಸು ತಡೆಯುತ್ತಾಳೆ, ಒಂದು ಮಾತಿನಲ್ಲಿ ಉತ್ತರಿಸಿ ಹಿಂದಿರುಗುತ್ತಾಳೆ. ಆ ತಡೆಯನ್ನು ಅಳೆದು ನೋಡಿ: ಇನ್ನರ್ಧ ಸೆಕೆಂಡು ಹೆಚ್ಚಾಗಿದ್ದರೆ ಅನುಮಾನ, ಕಡಿಮೆಯಾಗಿದ್ದರೆ ನಮಗೆ ನೋವು ತಾಕುತ್ತಿರಲಿಲ್ಲ.

ಇಷ್ಟು ಜಾಗರೂಕಳಾದವಳು ಮಾಡುವ ತಪ್ಪು ಒಂದು: ಮಗಳ ಫೋಟೊವನ್ನು ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾಳೆ. ತೆಗೆದುಬಿಡು ಎಂದು ನಾಯಕ ಜೆರ್ಬಿಯೆ ಎಚ್ಚರಿಸಿದ್ದ. ತೆಗೆಯಲಿಲ್ಲ. ಸಿಕ್ಕಿಬಿದ್ದಾಗ, ಮಗಳನ್ನು ಮುಂದಿಟ್ಟು ಬೆದರಿಸಿ ಬಾಯಿಬಿಡಿಸಲು ಗೆಸ್ಟಾಪೊಗೆ ಅಷ್ಟು ಸಾಕಾಯಿತು. ಸಂಗಾತಿಗಳಿಗೆ ಅವಳನ್ನು ಕೊಲ್ಲದೆ ದಾರಿಯಿಲ್ಲ. ಬೀದಿಯಲ್ಲಿ ನಡೆದುಹೋಗುತ್ತಿರುವಾಗ ಕಾರು ಪಕ್ಕಕ್ಕೆ ಬರುತ್ತದೆ, ಒಳಗಿರುವವರ ಗುರುತು ಹತ್ತುತ್ತದೆ, ಗುಂಡು ಹಾರುತ್ತದೆ. ಆ ಕಣ್ಣಲ್ಲಿರುವುದು ಭಯವೋ, ಆರೋಪವೋ, ಕಡೆಗೂ ಬಂದಿರಲ್ಲ ಎಂಬ ನಿರಾಳವೋ? ಎಷ್ಟು ಸಲ ನೋಡಿದರೂ ತೀರ್ಮಾನವಾಗುವುದಿಲ್ಲ, ಆಗಬಾರದು ಕೂಡ. 1968ರ ಮೇಯಲ್ಲಿ ಅಧ್ಯಕ್ಷ ದ ಗಾಲ್ ವಿರುದ್ಧ ಎದ್ದ ದಂಗೆಯ ಬಿಸಿ ಆರದ ಫ್ರಾನ್ಸಿನಲ್ಲಿ ಇದನ್ನು ದ ಗಾಲ್ ಭಜನೆ ಎಂದು ತಳ್ಳಿಹಾಕಿದರು. ಅಮೆರಿಕದಲ್ಲಿ ಚಿತ್ರಮಂದಿರಕ್ಕೆ ಬಂದದ್ದು 2006ರಲ್ಲಿ, ಅವಳು ಸತ್ತು 21 ವರ್ಷದ ಮೇಲೆ.

ಮರುವರ್ಷ ಕೋಸ್ತಾ-ಗಾವ್ರಾಸ್‌ನ ‘ಲಾವ್ಯೂ’. ಪ್ರಾಗ್‌ನ ಸ್ಟಾಲಿನ್‌ವಾದಿ ಸುಳ್ಳು ವಿಚಾರಣೆಯಲ್ಲಿ ಮೊಂತಾಂ ಆರೋಪಿ; ಬಲವಂತದಿಂದ ಹೇಳಿಸಿದ ತಪ್ಪೊಪ್ಪಿಗೆಯನ್ನು ನಂಬಿ ಗಂಡನನ್ನು ಬಹಿರಂಗವಾಗಿ ತಿರಸ್ಕರಿಸುವ ಹೆಂಡತಿ ಸಿನ್ಯೊರೆ. ಒಂದು ಕಾಲಕ್ಕೆ ಕಮ್ಯುನಿಸ್ಟರ ಕಡೆ ಒಲವಿದ್ದ ಇಬ್ಬರೂ ಸೇರಿ ಮಾಡಿದ ಲೆಕ್ಕ ಚುಕ್ತಾ.

1971ರ ‘ಲ ಶಾ’ (ಬೆಕ್ಕು) ಹೆಚ್ಚು ಜನ ನೋಡಬೇಕಾದ ಚಿತ್ರ. ಕೆಡವುತ್ತಿರುವ ಬಡಾವಣೆಯಲ್ಲಿ ಉಳಿದಿರುವ ಒಂಟಿ ಮನೆ. ಮಾತು ಬಿಟ್ಟು ಚೀಟಿಗಳಲ್ಲಿ ವ್ಯವಹರಿಸುವ ಮುದಿ ದಂಪತಿ. ಗಂಡನ ಪ್ರೀತಿಯೆಲ್ಲ ಬೆಕ್ಕಿಗೆ; ಹೆಂಡತಿ ಬೆಕ್ಕನ್ನು ಕೊಲ್ಲುತ್ತಾಳೆ. ಗಂಡನ ಪಾತ್ರ ಮಾಡಿದ ಜಾಂ ಗಾಬೆಂಗೆ 66 ದಾಟಿತ್ತು, ಅವಳಿಗೆ 50 ಮುಟ್ಟುತ್ತಿತ್ತು; 16 ವರ್ಷದ ಅಂತರ ಪರದೆಯಲ್ಲಿ ಕಾಣುವುದೇ ಇಲ್ಲ. ಬರ್ಲಿನ್‌ನಲ್ಲಿ ಇಬ್ಬರಿಗೂ ಬೆಳ್ಳಿ ಕರಡಿ ಪ್ರಶಸ್ತಿ.

ಮತ್ತು ಆ ಎರಡನೇ ಫೋಟೊ. ‘ಲಾ ವಿ ದೆವಾಂ ಸ್ವಾ’ದ ಮದಾಮ್ ರೋಸಾ ನಾಜಿಗಳ ಆಷ್ವಿಟ್ಜ್ ಶಿಬಿರದಿಂದ ಬದುಕಿ ಬಂದ ಯಹೂದಿ, ಮಾಜಿ ವೇಶ್ಯೆ, ಈಗ ವೇಶ್ಯೆಯರ ಮಕ್ಕಳನ್ನು ಸಾಕುವವಳು. ದೆದೆ, ‘ಲಾ ರೋಂದ್’ನ ಹೆಣ್ಣು, ಮಾರಿ, ಇವರಿಗೆಲ್ಲ ವಯಸ್ಸಾದರೆ ಎಲ್ಲಿಗೆ ಬಂದು ನಿಲ್ಲುತ್ತಾರೋ ಅಲ್ಲಿ ನಿಂತವಳು. ಹೆಸರಿನಿಂದ ಕಾಮಿಂಕೆರ್ ತೆಗೆದುಹಾಕಿ ಯುದ್ಧ ದಾಟಿದ ನಟಿಗೆ ಈ ಪಾತ್ರ ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಿಲ್ಲ. 1978ರಲ್ಲಿ ಅವಳಿಗೆ ಫ್ರಾನ್ಸಿನ ಅತ್ಯುನ್ನತ ಚಿತ್ರಪ್ರಶಸ್ತಿ ಸೆಜಾರ್, ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್.

ಕೊನೆಯ ವರ್ಷಗಳಲ್ಲಿ ದೃಷ್ಟಿ ಮಂದವಾಗುತ್ತಿದ್ದರೂ ಬರವಣಿಗೆ ಹಿಡಿದಳು. 1970ರ ದಶಕದ ಆತ್ಮಕಥೆ ಬಿಸಿಬಿಸಿಯಾಗಿ ಮಾರಾಟವಾಯಿತು. 1985ರಲ್ಲಿ ಬಂದ ‘ಅದ್ಯೂ ವೊಲೊದ್ಯಾ’ ಪ್ಯಾರಿಸಿಗೆ ವಲಸೆ ಬಂದ ಪೂರ್ವ ಯೂರೋಪಿನ ಯಹೂದಿ ಕುಟುಂಬಗಳ ದೊಡ್ಡ ಕಾದಂಬರಿ. ಅದೇ ವರ್ಷ ಸೆಪ್ಟೆಂಬರ್ 30ರಂದು, ನಾರ್ಮಂಡಿಯ ಓತೆಯ್-ಓತುಯ್ಯೆ ಊರಿನ ಮನೆಯಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡಳು. ಸಮಾಧಿ ಪ್ಯಾರಿಸಿನ ಪೆರ್ ಲಾಶೇಜ್‌ನಲ್ಲಿ. 1991ರಲ್ಲಿ ಮೊಂತಾಂನನ್ನೂ ಅಲ್ಲೇ ಮಣ್ಣು ಮಾಡಿದರು.

ಅವಳ ಸಿನಿಮಾಗಳನ್ನು ಹೊಸದಾಗಿ ನೋಡುವವರು ಬಿಡುಗಡೆಯ ಕ್ರಮದಲ್ಲಿ ಹೋಗುವುದು ಬೇಡ. ಮೊದಲು ‘ಲೆ ದ್ಯಾಬೊಲಿಕ್’: ಸುಮಾರು 2 ಗಂಟೆ, ಕಥೆಯೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ‘ರೂಮ್ ಅಟ್ ದ ಟಾಪ್’. ಸಬ್‌ಟೈಟಲ್ ಅಭ್ಯಾಸವಿಲ್ಲದವರಿಗೆ ಇಂಗ್ಲಿಷ್ ಇರುವುದು ಅನುಕೂಲ. ‘ಕಾಸ್ಕ್ ದೋರ್’ ಮೂರನೆಯದಾಗಿರಲಿ, ಆ ಹೊತ್ತಿಗೆ ಅವಳ ನಿಧಾನಕ್ಕೆ ಕಣ್ಣು ಪಳಗಿರುತ್ತದೆ. ‘ಲಾರ್ಮೆ ದೆಜೊಂಬ್ರ್’ ಸುಮಾರು 2 ಗಂಟೆ 25 ನಿಮಿಷ, ಮತಿಲ್ಡ್ ಬರುವುದೂ ತಡವಾಗಿ. ಫೋನು ಪಕ್ಕಕ್ಕಿಟ್ಟು ನೋಡಬೇಕು. ಫ್ರೆಂಚ್ ಚಿತ್ರಗಳ ಇಂಗ್ಲಿಷ್ ಡಬ್ಬಿಂಗ್ ಸಿಕ್ಕರೆ ಮುಟ್ಟಬೇಡಿ. ಅವಳ ಧ್ವನಿ ಸಿಗರೇಟಿನಿಂದ ವರ್ಷದಿಂದ ವರ್ಷಕ್ಕೆ ಒರಟಾಗುತ್ತಾ ಹೋಗುತ್ತದೆ, ಮುಖದಷ್ಟೇ ಅದೂ ಪಾತ್ರ ಮಾಡುತ್ತದೆ.